ಬೀಜಿಂಗ್‌ನ ಹುಟಾಂಗ್‌ಗಳು

ಹುಟಾಂಗ್ ಎಂಬುದು ಚೀನಾದ ರಾಜಧಾನಿ ಬೀಜಿಂಗ್‌ನ ಹಳೆಯ ವಸತಿ ಪ್ರದೇಶಗಳಲ್ಲಿರುವ ಕಿರಿದಾದ ಓಣಿಗಳಿಗೆ ಇರುವ ಹೆಸರು. ಅಂಗಳವನ್ನು ನಡುವಿಟ್ಟು ಕಟ್ಟಿದ ಮನೆಗಳ ಸಾಲುಗಳು ಎದುರುಬದುರಾದಾಗ ಅವುಗಳ ಹೊರಗೋಡೆಗಳ ನಡುವೆ ಉಳಿಯುವ ದಾರಿಯೇ ಹುಟಾಂಗ್. ಆದ್ದರಿಂದ ಮನೆಯನ್ನು ಬಿಟ್ಟು ಓಣಿಯನ್ನಾಗಲಿ, ಓಣಿಯನ್ನು ಬಿಟ್ಟು ಮನೆಯನ್ನಾಗಲಿ ಅರ್ಥಮಾಡಿಕೊಳ್ಳುವುದು ಕಷ್ಟ. ಕಾಲಕ್ರಮದಲ್ಲಿ ಈ ಪದವು ಓಣಿಯನ್ನು ಮಾತ್ರವಲ್ಲದೆ ಅಲ್ಲಿನ ನೆರೆಹೊರೆಯನ್ನೂ ಬದುಕಿನ ರೀತಿಯನ್ನೂ ಸೂಚಿಸತೊಡಗಿತು.

ಹದಿಮೂರನೆಯ ಶತಮಾನದಲ್ಲಿ ಯುವಾನ್ ವಂಶದ ರಾಜಧಾನಿಯಾಗಿ ನಿರ್ಮಿತವಾದ ದಾದು ನಗರದ ನಕ್ಷೆಯಿಂದ ಹುಟ್ಟಿದ ಈ ಓಣಿಗಳು ಮಿಂಗ್ ಮತ್ತು ಚಿಂಗ್ ವಂಶಗಳ ಕಾಲದಲ್ಲಿ ವಿಸ್ತರಿಸಿದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅದರಲ್ಲಿಯೂ 1990ರ ನಂತರ, ಇವುಗಳಲ್ಲಿ ಬಹಳಷ್ಟು ನೆಲಸಮವಾದವು. ಉಳಿದವುಗಳ ಪೈಕಿ ಹೆಚ್ಚಿನವು ಇಂದಿನ ಎರಡನೆಯ ವರ್ತುಲ ರಸ್ತೆಯ ಒಳಗೆ, ಸುಮಾರು 62.5 ಚದರ ಕಿಲೋಮೀಟರ್ ವ್ಯಾಪ್ತಿಯ ಹಳೆಯ ನಗರದಲ್ಲಿವೆ. ಉಳಿಸಬೇಕಾದುದು ಇಟ್ಟಿಗೆಯ ಗೋಡೆಗಳನ್ನೋ, ಗೋಡೆಗಳ ಒಳಗಿನ ಜನರನ್ನೋ ಎಂಬ ಪ್ರಶ್ನೆ ಬೀಜಿಂಗ್‌ನಲ್ಲಿ ದಶಕಗಳಿಂದ ಚರ್ಚೆಯಲ್ಲಿದೆ.

ಪದದ ಮೂಲ

ಹುಟಾಂಗ್ ಎಂಬ ಪದವು ಬಾವಿ ಎಂಬ ಅರ್ಥದ ಮಂಗೋಲಿಯನ್ ಪದದಿಂದ ಬಂದಿತೆಂಬ ಅಭಿಪ್ರಾಯ ವ್ಯಾಪಕವಾಗಿದೆ. ನೀರಿರುವಲ್ಲಿ ಜನವಸತಿ, ವಸತಿ ಇರುವಲ್ಲಿ ಓಣಿ ಎಂಬುದು ಈ ವಾದದ ತರ್ಕ. ಆದರೆ ಇದನ್ನು ಎಲ್ಲ ಭಾಷಾತಜ್ಞರೂ ಒಪ್ಪಿಲ್ಲ. ಯುವಾನ್ ಕಾಲದ ಶ್ಯುಂಗ್ ಮಂಗ್‌ಶಿಯಾಂಗ್ ಎಂಬ ವಿದ್ವಾಂಸನು ರಾಜಧಾನಿಯನ್ನು ಕುರಿತು ಬರೆದ 'ಶೀಜಿನ್ ಝಿ' ಎಂಬ ಗ್ರಂಥದಲ್ಲಿ ಈ ಪದಕ್ಕೆ ಹತ್ತಿರವಾದ ರೂಪವೊಂದು ದೊರೆಯುತ್ತದೆ. ಅದು ಸ್ಥಳೀಯ ಆಡುಮಾತಿನ ಪದವೆಂದು ಅವನು ಹೇಳಿದ್ದಾನೆ. ನಗರದಲ್ಲಿ 384 'ಬೆಂಕಿ ಓಣಿ'ಗಳೂ 29 ಹುಟಾಂಗ್‌ಗಳೂ ಇದ್ದವೆಂದು ಅದೇ ಗ್ರಂಥ ಲೆಕ್ಕ ಕೊಡುತ್ತದೆ. ಬೆಂಕಿ ಹರಡದಂತೆ ಮನೆಗಳ ಸಾಲುಗಳ ನಡುವೆ ಬಿಟ್ಟ ಜಾಗವೇ ಬೆಂಕಿ ಓಣಿ. ಮರದ ಕಂಬ, ಮರದ ತೊಲೆಗಳ ನಗರದಲ್ಲಿ ಓಣಿಯು ದಾರಿಯಾಗಿದ್ದಂತೆಯೇ ರಕ್ಷಣೆಯ ಉಪಾಯವೂ ಆಗಿತ್ತು ಎಂಬುದನ್ನು ಈ ಹೆಸರು ತಿಳಿಸುತ್ತದೆ.

ಇತಿಹಾಸ

ಮಂಗೋಲರು 1215ರಲ್ಲಿ ಜಿನ್ ವಂಶದ ರಾಜಧಾನಿ ಝೋಂಗ್‌ದುವನ್ನು ವಶಪಡಿಸಿಕೊಂಡು ಧ್ವಂಸಗೊಳಿಸಿದರು. ಅರ್ಧ ಶತಮಾನದ ನಂತರ, 1267ರಲ್ಲಿ, ಕುಬ್ಲಾಯ್ ಖಾನನು ಹಾಳುಬಿದ್ದ ಹಳೆಯ ನಗರವನ್ನು ಬಿಟ್ಟು ಅದರ ಈಶಾನ್ಯಕ್ಕೆ ಹೊಸ ರಾಜಧಾನಿಯ ನಿರ್ಮಾಣವನ್ನು ಆರಂಭಿಸಿದನು. ಇದೇ ದಾದು. ಸ್ಥಳದ ಆಯ್ಕೆಗೆ ಅಲ್ಲಿದ್ದ ಸರೋವರಗಳು ಮುಖ್ಯ ಕಾರಣವಾದವು. ನಗರದ ಯೋಜನೆಯನ್ನು ಲಿಯು ಬಿಂಗ್‌ಝೋಂಗ್ ರೂಪಿಸಿದನು. ಗಣಿತಜ್ಞನೂ ಜಲತಂತ್ರಜ್ಞನೂ ಆಗಿದ್ದ ಗುವೊ ಶೌಜಿಂಗ್ ಮುಂದೆ ಕಾಲುವೆಯೊಂದರ ಮೂಲಕ ನಗರದ ಒಳಗಿನ ಸರೋವರವನ್ನು ಮಹಾಕಾಲುವೆಗೆ ಜೋಡಿಸಿದನು.

ದಾದುವಿನ ಬೀದಿಗಳ ಅಳತೆ ಮೊದಲೇ ನಿಗದಿಯಾಗಿತ್ತು. ದೊಡ್ಡ ಬೀದಿ 24 ಹೆಜ್ಜೆ ಅಗಲ, ಸಣ್ಣ ಬೀದಿ 12 ಹೆಜ್ಜೆ ಅಗಲ. ಉತ್ತರ ದಕ್ಷಿಣವಾಗಿ ಸಾಗುವ ಬೀದಿಗಳಿಂದ ಪೂರ್ವ ಪಶ್ಚಿಮವಾಗಿ ಓಣಿಗಳು ಕವಲೊಡೆಯುತ್ತಿದ್ದವು. ಅಕ್ಕಪಕ್ಕದ ಎರಡು ಓಣಿಗಳ ನಡುವಿನ ಅಂತರ 70 ಮೀಟರಿಗೂ ಸ್ವಲ್ಪ ಹೆಚ್ಚು. ಹಳೆಯ ನಗರದ ನಿವಾಸಿಗಳನ್ನು ಹೊಸ ನಗರಕ್ಕೆ ಸ್ಥಳಾಂತರಿಸುವಾಗ ಧನಿಕರಿಗೂ ಅಧಿಕಾರಿಗಳಿಗೂ ಆದ್ಯತೆ ನೀಡಿ, ಎಂಟು ಮು ವಿಸ್ತೀರ್ಣದ ನಿವೇಶನಗಳನ್ನು ಹಂಚುವಂತೆ 1285ರಲ್ಲಿ ಆಜ್ಞೆ ಹೊರಟಿತು. ಓಣಿಯಿಂದ ಓಣಿಗೆ ಇದ್ದ ಅಂತರವೇ ಮನೆಯ ಉದ್ದವನ್ನು ನಿರ್ಧರಿಸಿತು. ಸಿರಿವಂತರ ಮನೆ ಒಂದರ ಹಿಂದೊಂದು ಅಂಗಳಗಳನ್ನು ಸೇರಿಸಿಕೊಂಡು ಹಿಂದಿನ ಓಣಿಯವರೆಗೂ ಚಾಚಲು ಸಾಧ್ಯವಾದದ್ದು ಹೀಗೆ. ಮಾರ್ಕೊ ಪೊಲೊನ ಪ್ರವಾಸಕಥನವು ಈ ನಗರವನ್ನು ಚದುರಂಗದ ಹಾಸಿಗೆ ಹೋಲಿಸುತ್ತದೆ. ಬೀಜಿಂಗ್‌ನ ದೊಂಗ್‌ಸಿ ಪ್ರದೇಶದಲ್ಲಿ 'ಮೂರನೆಯ ಓಣಿ', 'ನಾಲ್ಕನೆಯ ಓಣಿ' ಎಂದು ಅಂಕಿಗಳಿಂದಲೇ ಹೆಸರಿಸಲಾದ ಸಾಲು ಓಣಿಗಳಲ್ಲಿ ಈ ಹಾಸು ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ.

ಮಿಂಗ್ ಸೇನೆಯು 1368ರಲ್ಲಿ ನಗರವನ್ನು ಗೆದ್ದ ನಂತರ ಉತ್ತರದ ಗೋಡೆಯನ್ನು ದಕ್ಷಿಣಕ್ಕೆ ಸರಿಸಿ ಕಟ್ಟಲಾಯಿತು. ಯೋಂಗ್ಲ ಚಕ್ರವರ್ತಿ 1421ರಲ್ಲಿ ರಾಜಧಾನಿಯನ್ನು ನಾನ್‌ಜಿಂಗ್‌ನಿಂದ ಬೀಜಿಂಗ್‌ಗೆ ವರ್ಗಾಯಿಸಿದನು. ದಕ್ಷಿಣದ ಬಾಗಿಲುಗಳ ಹೊರಗೆ ಬೆಳೆದಿದ್ದ ಪೇಟೆಗಳನ್ನು ಒಳಗೊಳ್ಳುವಂತೆ 1553ರಲ್ಲಿ ಇನ್ನೊಂದು ಗೋಡೆ ಎದ್ದಿತು. ಅಲ್ಲಿಂದ ನಗರವು ಒಳನಗರ, ಹೊರನಗರ ಎಂದು ಎರಡು ಭಾಗವಾಯಿತು.

1644ರಲ್ಲಿ ಅಧಿಕಾರಕ್ಕೆ ಬಂದ ಮಂಚು ಮೂಲದ ಚಿಂಗ್ ವಂಶವು ಒಳನಗರವನ್ನು ತನ್ನ 'ಎಂಟು ಪತಾಕೆ'ಗಳ ಸೈನಿಕ ಕುಟುಂಬಗಳಿಗೆ ಹಂಚಿ, ಅಲ್ಲಿದ್ದ ಹಾನ್ ಚೀನೀಯರನ್ನು ಹೊರನಗರಕ್ಕೆ ಕಳುಹಿಸಿತು. ಇದರ ಪರಿಣಾಮವು ಇಂದಿಗೂ ಓಣಿಗಳ ಆಕಾರದಲ್ಲಿ ಓದಲು ಸಿಗುತ್ತದೆ. ಒಳನಗರದ ಓಣಿಗಳು ನೇರ, ಮನೆಗಳು ವಿಶಾಲ. ಯೋಜನೆಯಿಲ್ಲದೆ ಬೆಳೆದ ಹೊರನಗರದ ಓಣಿಗಳು ಕಿರಿದು, ಅಂಕುಡೊಂಕು. ನಾಟಕಶಾಲೆ, ಅಂಗಡಿ, ವಸತಿಗೃಹಗಳು ಚಿಯಾನ್‌ಮೆನ್ ಬಾಗಿಲಿನ ಹೊರಗೆ ದಟ್ಟೈಸಿದವು. 1790ರಲ್ಲಿ ಚಿಯಾನ್‌ಲೊಂಗ್ ಚಕ್ರವರ್ತಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ಬಂದ ಆನ್‌ಹುಯಿ ಪ್ರಾಂತ್ಯದ ನಾಟಕ ಮಂಡಳಿಗಳು ರಾಜಧಾನಿಯಲ್ಲಿ ನೆಲೆಯೂರಿದವು. ಅವುಗಳಿಂದ ಬೆಳೆದ ಪೀಕಿಂಗ್ ಆಪೆರಾಕ್ಕೆ ಈ ಹೊರನಗರದ ಓಣಿಗಳೇ ತವರು.

ಓಣಿ ಮತ್ತು ಮನೆ

ಹುಟಾಂಗ್‌ಗಳು ಹೆಚ್ಚಾಗಿ ಪೂರ್ವ ಪಶ್ಚಿಮವಾಗಿ ಇರುವುದಕ್ಕೆ ಹವಾಮಾನವೇ ಕಾರಣ. ಬೀಜಿಂಗ್‌ನ ಚಳಿಗಾಲದಲ್ಲಿ ವಾಯವ್ಯದಿಂದ ಶೀತಗಾಳಿ ಬೀಸುತ್ತದೆ. ಸೂರ್ಯನು ದಕ್ಷಿಣದಲ್ಲಿ ತಗ್ಗಿನಲ್ಲಿ ಸಾಗುತ್ತಾನೆ. ಮನೆಯ ಮುಖ್ಯ ಕಟ್ಟಡವು ಉತ್ತರಕ್ಕೆ ಬೆನ್ನುಮಾಡಿ ದಕ್ಷಿಣಕ್ಕೆ ಮುಖಮಾಡಿದರೆ ಗಾಳಿಗೆ ತಡೆ, ಒಳಗೆ ಬಿಸಿಲು.

ಇಲ್ಲಿನ ಸಾಂಪ್ರದಾಯಿಕ ಮನೆಗೆ ಸಿಹೆಯುವಾನ್ ಎಂದು ಹೆಸರು. ನಾಲ್ಕು ಕಡೆಯಿಂದ ಸುತ್ತುವರಿದ ಅಂಗಳ ಎಂಬುದು ಇದರ ಅರ್ಥ. ಕನ್ನಡ ನಾಡಿನ ತೊಟ್ಟಿ ಮನೆಯನ್ನು ಬಲ್ಲವರಿಗೆ ಈ ವಿನ್ಯಾಸ ತೀರ ಅಪರಿಚಿತವೆನಿಸದು. ಆದರೆ ತೊಟ್ಟಿ ಮನೆಯಲ್ಲಿ ಒಂದೇ ಕಟ್ಟಡದ ನಡುವೆ ಬಯಲಿದ್ದರೆ, ಸಿಹೆಯುವಾನ್‌ನಲ್ಲಿ ನಾಲ್ಕು ದಿಕ್ಕಿನ ಕಟ್ಟಡಗಳೂ ಬೇರೆ ಬೇರೆಯಾಗಿ ನಿಂತು ಗೋಡೆಯಿಂದಲೋ ಮೊಗಸಾಲೆಯಿಂದಲೋ ಕೂಡಿಕೊಂಡಿರುತ್ತವೆ. ಉತ್ತರದ ಕಟ್ಟಡ ಮನೆಯ ಹಿರಿಯರಿಗೆ, ಪೂರ್ವ ಪಶ್ಚಿಮದವು ಮಕ್ಕಳ ಸಂಸಾರಗಳಿಗೆ, ಬಿಸಿಲು ಬೀಳದ ದಕ್ಷಿಣದ್ದು ಅತಿಥಿಗಳಿಗೆ ಅಥವಾ ಆಳುಗಳಿಗೆ. ಹೀಗೆ ಕುಟುಂಬದ ಶ್ರೇಣಿಯೇ ನೆಲದ ಮೇಲೆ ನಕ್ಷೆಯಾಗಿ ಇಳಿದಿತ್ತು.

ಓಣಿಯಲ್ಲಿ ನಡೆಯುವವರಿಗೆ ಕಾಣುವುದು ಬೂದುಬಣ್ಣದ ಇಟ್ಟಿಗೆ ಗೋಡೆ ಮತ್ತು ಬಾಗಿಲು ಮಾತ್ರ. ಹೊರಗೋಡೆಗೆ ಕಿಟಕಿಗಳು ಕಡಿಮೆ. ಬಾಗಿಲು ಸಾಮಾನ್ಯವಾಗಿ ಆಗ್ನೇಯ ಮೂಲೆಯಲ್ಲಿರುತ್ತದೆ. ಒಳಗೆ ಕಾಲಿಟ್ಟೊಡನೆ ಎದುರಿಗೆ ಯಿಂಗ್‌ಬಿ ಎಂಬ ಅಡ್ಡಗೋಡೆ. ದುಷ್ಟಶಕ್ತಿಗಳನ್ನು ತಡೆಯಲು ಇದನ್ನು ಕಟ್ಟುತ್ತಾರೆಂಬ ನಂಬಿಕೆ ಇದೆ. ದಾರಿಹೋಕರ ಕಣ್ಣನ್ನು ತಡೆಯುವುದರಲ್ಲಿಯಂತೂ ಅದು ಯಶಸ್ವಿಯಾಗಿದೆ. ದೊಡ್ಡ ಮನೆಗಳಲ್ಲಿ ಹೊರಗಿನ ಅಂಗಳಕ್ಕೂ ಒಳಗಿನ ಅಂಗಳಕ್ಕೂ ನಡುವೆ ಕೆತ್ತನೆಯ ಮರದ ಮೊಗ್ಗುಗಳು ತೂಗುವ ಎರಡನೆಯ ಬಾಗಿಲಿರುತ್ತದೆ. ಹೊರಗಿನವರು ಸಾಮಾನ್ಯವಾಗಿ ಇದನ್ನು ದಾಟುತ್ತಿರಲಿಲ್ಲ.

ಬಾಗಿಲನ್ನು ಓದಬಲ್ಲವನಿಗೆ ಮನೆಯೊಡೆಯನ ಅಂತಸ್ತು ತಿಳಿಯುತ್ತಿತ್ತು. ಬಾಗಿಲು ಗೋಡೆಯಿಂದ ಎಷ್ಟು ಒಳಸರಿದಿದೆ, ಅದರ ಮೇಲ್ಭಾಗದಿಂದ ಹೊರಚಾಚಿದ ಮರದ ಗೂಟಗಳು ಎರಡೋ ನಾಲ್ಕೋ, ಹೊಸ್ತಿಲಿನ ಎರಡು ಬದಿಯ ಕಲ್ಲುಗಳು ಡೋಲಿನಾಕಾರದವೋ ಪೆಟ್ಟಿಗೆಯಾಕಾರದವೋ ಎಂಬುದೆಲ್ಲ ಗುರುತುಗಳೇ. ಡೋಲಿನಾಕಾರದ ಕಲ್ಲು ಸೇನಾಧಿಕಾರಿಯ ಮನೆಗೆ, ಪೆಟ್ಟಿಗೆಯಾಕಾರದ್ದು ವಿದ್ವಾಂಸ ಅಧಿಕಾರಿಯ ಮನೆಗೆ ಎಂದು ಪ್ರವಾಸಿಗರಿಗೆ ಹೇಳುವ ವಾಡಿಕೆಯಿದ್ದರೂ ನಿಜವಾದ ಬಾಗಿಲುಗಳು ಈ ನಿಯಮವನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಈ ಕಲ್ಲುಗಳ ಮೂಲ ಕೆಲಸ ಬಾಗಿಲಿನ ತಿರುಗೂಟವನ್ನು ಹೊರುವುದು.

ಹೆಸರುಗಳು

ಹೆಸರುಳ್ಳ ಹುಟಾಂಗ್‌ಗಳು ಮೂರು ಸಾವಿರದ ಆರುನೂರು, ಹೆಸರಿಲ್ಲದವು ಎತ್ತಿನ ಮೈಮೇಲಿನ ರೋಮದಷ್ಟು ಎಂಬ ಅರ್ಥದ ಮಾತು ಬೀಜಿಂಗ್‌ನಲ್ಲಿ ರೂಢಿಯಲ್ಲಿದೆ. ಬಹುಕಾಲದವರೆಗೆ ಓಣಿಗಳಿಗೆ ಫಲಕಗಳಿರಲಿಲ್ಲ. ಜನರು ಬಾಯಿಮಾತಿನಲ್ಲಿ ಇಟ್ಟ ಹೆಸರುಗಳೇ ನಿಂತವು. ಆದ್ದರಿಂದ ಅವುಗಳಲ್ಲಿ ಪಾಂಡಿತ್ಯಕ್ಕಿಂತ ದಿನಬಳಕೆಯ ವಸ್ತುಗಳೇ ಹೆಚ್ಚು. ಅಕ್ಕಿಯ ಉಗ್ರಾಣವಿದ್ದಲ್ಲಿ ಲುಮಿಚಾಂಗ್, ಬಂಗಾರದ ಮೀನಿನ ಹೆಸರಿನ ಜಿನ್‌ಯು, ಟೋಪಿಯ ಹೆಸರಿನ ಮಾವೊಅರ್, ಹೊಗೆಬತ್ತಿಯ ಕೊಳವೆಯನ್ನು ನೆನಪಿಸುವ ಯಾನ್‌ದಾಯ್ ಓರೆಬೀದಿ. ಇಟ್ಟಿಗೆಯ ಪಗೋಡದಿಂದ ಹೆಸರು ಪಡೆದ ಝುವಾನ್‌ತಾ ಹುಟಾಂಗ್ ಯುವಾನ್ ಕಾಲದ ನಾಟಕವೊಂದರಲ್ಲಿಯೇ ಉಲ್ಲೇಖಗೊಂಡಿದ್ದು, ಅದೇ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ.

ಇಪ್ಪತ್ತನೆಯ ಶತಮಾನದ ಆರಂಭದಿಂದ ಒರಟೆನಿಸಿದ ಹೆಸರುಗಳನ್ನು ನಯಗೊಳಿಸುವ ಪ್ರಯತ್ನ ನಡೆಯಿತು. ಉಚ್ಚಾರಣೆಯನ್ನು ಹೆಚ್ಚು ಬದಲಿಸದೆ ಅಕ್ಷರಗಳನ್ನು ಮಾತ್ರ ಬದಲಿಸುವುದು ಇದರ ಜಾಣತನ. 'ಕತ್ತೆ ಸಂತೆ' ಎಂಬ ಓಣಿಯು ವಿದ್ವಾಂಸರನ್ನು ಗೌರವಿಸುವುದೆಂಬ ಅರ್ಥದ ಲೀಶಿ ಹುಟಾಂಗ್ ಆಯಿತು. 'ನಾಯಿಯ ಬಾಲ' ಎಂಬುದು ಉದಾತ್ತ ಗುಣದ ಶ್ರೀಮಂತನನ್ನು ಸೂಚಿಸುವ ಗಾವೊಯಿಬೊ ಆಯಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಸೇವಂತಿಗೆಯ ಹೆಸರಿನ ಜ್ಯುಅರ್ ಹುಟಾಂಗ್‌ಗೆ 'ಮಹಾ ಮುನ್ನೆಗೆತ ರಸ್ತೆಯ ಎಂಟನೆಯ ಓಣಿ' ಎಂಬ ಹೆಸರು ಬಿದ್ದಿತ್ತು. ನಂತರ ಹಳೆಯ ಹೆಸರು ಮರಳಿತು.

ನೀರು, ಕಲ್ಲಿದ್ದಲು, ಶೌಚ

ಹುಟಾಂಗ್‌ಗಳ ಚಿತ್ರಗಳಲ್ಲಿ ದಾಳಿಂಬೆ ಮರ, ಪಂಜರದ ಹಕ್ಕಿ, ಚೀನೀ ಚದುರಂಗವಾಡುವ ವೃದ್ಧರು ಕಾಣುತ್ತಾರೆ. ಆ ಬದುಕಿನ ಇನ್ನೊಂದು ಮುಖವೆಂದರೆ ಸೌಕರ್ಯಗಳ ಕೊರತೆ. ಬೀಜಿಂಗ್‌ನ ಬಾವಿಗಳಲ್ಲಿ ಹೆಚ್ಚಿನವು ಕಹಿ ನೀರಿನವು. ಸಿಹಿ ನೀರಿನ ಬಾವಿಗಳು ಅಪರೂಪವಾಗಿದ್ದುದರಿಂದ ನೀರನ್ನು ತಳ್ಳುಗಾಡಿಯಲ್ಲಿ ಮನೆಮನೆಗೆ ಮಾರುವುದೇ ಒಂದು ಕಸುಬಾಗಿತ್ತು. ಈ ಕೆಲಸದಲ್ಲಿ ಶಾನ್‌ದೊಂಗ್ ಪ್ರಾಂತ್ಯದವರು ಪ್ರಬಲರಾಗಿದ್ದರು. ನಲ್ಲಿ ನೀರಿನ ಪೂರೈಕೆ 1910ರಲ್ಲಿ ಆರಂಭವಾಯಿತಾದರೂ ಬಹಳ ಕಾಲ ಇಡೀ ಅಂಗಳಕ್ಕೆ ಒಂದೇ ನಲ್ಲಿ ಇರುವುದು ಸಾಮಾನ್ಯವಾಗಿತ್ತು.

ಚಳಿಗೆ ಆಸರೆ ಕಲ್ಲಿದ್ದಲು. ಜೇನುಹಟ್ಟಿಯಂತೆ ತೂತುಗಳಿರುವ ಕಲ್ಲಿದ್ದಲಿನ ಬಿಲ್ಲೆಗಳನ್ನು ಚಳಿಗಾಲಕ್ಕೆ ಮುನ್ನ ಗೋಡೆಯ ಬದಿಗೆ ಪೇರಿಸಿಡುತ್ತಿದ್ದರು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಿಂದ ಇದರ ಬದಲು ವಿದ್ಯುತ್ ಹೀಟರುಗಳನ್ನು ಸರ್ಕಾರ ಅಳವಡಿಸತೊಡಗಿತು.

ಬಹುಪಾಲು ಮನೆಗಳಲ್ಲಿ ಸ್ವಂತ ಶೌಚಾಲಯವಿರಲಿಲ್ಲ. ಮಲವನ್ನು ಬೆನ್ನ ಮೇಲಿನ ಮರದ ಪೀಪಾಯಿಯಲ್ಲಿ ಹೊತ್ತು ಸಾಗಿಸುವ ಕಾರ್ಮಿಕರ ಮೇಲೆ ನಗರ ನಿಂತಿತ್ತು. ಅವರಲ್ಲೊಬ್ಬರಾದ ಶಿ ಚುವಾನ್‌ಶಿಯಾಂಗ್ ರಾಷ್ಟ್ರೀಯ ಮಾದರಿ ಕಾರ್ಮಿಕರಾಗಿ ಆಯ್ಕೆಯಾದರು. 1959ರಲ್ಲಿ ರಾಷ್ಟ್ರಾಧ್ಯಕ್ಷ ಲಿಯು ಶಾವೊಚಿ ಅವರ ಕೈಕುಲುಕಿದ ಚಿತ್ರ ದೇಶದಾದ್ಯಂತ ಪ್ರಸಿದ್ಧವಾಯಿತು. ಕೆಲವೇ ವರ್ಷಗಳಲ್ಲಿ ಲಿಯು ಪದಚ್ಯುತರಾದಾಗ ಅದೇ ಕೈಕುಲುಕು ಅಪರಾಧವೆನಿಸಿ ಶಿ ಕಿರುಕುಳಕ್ಕೆ ಒಳಗಾದರು. ಅವರು 1975ರಲ್ಲಿ ನಿಧನರಾದರು. ಓಣಿಯ ತಿರುವುಗಳಲ್ಲಿರುವ ಸಾರ್ವಜನಿಕ ಶೌಚಾಲಯಗಳನ್ನು 2008ರ ಒಲಿಂಪಿಕ್ಸ್‌ಗೆ ಮುನ್ನ ದೊಡ್ಡ ಪ್ರಮಾಣದಲ್ಲಿ ನವೀಕರಿಸಲಾಯಿತು. ಹಲವು ನಿವಾಸಿಗಳು ಈಗಲೂ ಅವುಗಳನ್ನೇ ಅವಲಂಬಿಸಿದ್ದಾರೆ. ಚಳಿಗಾಲದ ರಾತ್ರಿ ಹೊದಿಕೆ ಸರಿಸಿ ಓಣಿಯ ಕೊನೆಯವರೆಗೆ ನಡೆಯಬೇಕಾದ ವೃದ್ಧರು ಎತ್ತರದ ಕಟ್ಟಡದ ಫ್ಲ್ಯಾಟನ್ನು ಬಯಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಒಂದು ಅಂಗಳ, ಹಲವು ಒಲೆಗಳು

ಒಂದು ಕುಟುಂಬಕ್ಕೆಂದು ಕಟ್ಟಿದ ಮನೆ ಹಲವು ಕುಟುಂಬಗಳ ವಠಾರವಾದದ್ದು ಒಮ್ಮೆಗೇ ಅಲ್ಲ. 1912ರಲ್ಲಿ ಚಿಂಗ್ ವಂಶ ಕೊನೆಗೊಂಡ ಮೇಲೆ ಸರ್ಕಾರದ ಭತ್ಯೆಯನ್ನೇ ನಂಬಿದ್ದ ಮಂಚು ಕುಟುಂಬಗಳು ಬಡತನಕ್ಕೆ ಬಿದ್ದವು. ಮನೆಯ ಒಂದೊಂದೇ ಭಾಗವನ್ನು ಬಾಡಿಗೆಗೆ ಕೊಟ್ಟವು ಅಥವಾ ಮಾರಿದವು. ಇಂತಹ ಓಣಿಯೊಂದರ ಬಡ ಮಂಚು ಕುಟುಂಬದಲ್ಲಿ 1899ರಲ್ಲಿ ಜನಿಸಿದ ಲಾವೊ ಶ ಮುಂದೆ ಹುಟಾಂಗ್ ಬದುಕಿನ ಶ್ರೇಷ್ಠ ಕಾದಂಬರಿಕಾರರಾದರು. ಅವರ ತಂದೆ 1900ರಲ್ಲಿ ವಿದೇಶಿ ಸೇನೆಗಳೊಡನೆ ನಡೆದ ಕಾಳಗದಲ್ಲಿ ಮಡಿದಿದ್ದರು. ಜಪಾನೀ ಆಕ್ರಮಣದ ಕಾಲದ ಒಂದೇ ಓಣಿಯ ಜನರನ್ನು ಚಿತ್ರಿಸುವ 'ಒಂದೇ ಸೂರಿನಡಿ ನಾಲ್ಕು ತಲೆಮಾರು' ಕಾದಂಬರಿಯ ನೆಲೆ ಅವರು ಹುಟ್ಟಿ ಬೆಳೆದ ಓಣಿಯೇ.

1949ರ ನಂತರ ಕಾರ್ಖಾನೆಗಳಿಗೂ ಕಚೇರಿಗಳಿಗೂ ಬಂದ ಜನರಿಂದ ನಗರ ತುಂಬಿತು. ಖಾಸಗಿ ಬಾಡಿಗೆ ಮನೆಗಳನ್ನು ಸರ್ಕಾರವೇ ವಹಿಸಿಕೊಂಡು ಬಾಡಿಗೆಗೆ ನೀಡುವ ವ್ಯವಸ್ಥೆ 1958ರಲ್ಲಿ ಜಾರಿಗೆ ಬಂದಿತು. ಸಾಂಸ್ಕೃತಿಕ ಕ್ರಾಂತಿ ಆರಂಭವಾದ 1966ರಲ್ಲಿ ಉಳಿದ ಮಾಲೀಕರೂ ಹಕ್ಕುಪತ್ರಗಳನ್ನು ಒಪ್ಪಿಸಬೇಕಾಯಿತು. ಅವರ ಕೋಣೆಗಳಿಗೆ ಬೇರೆ ಕುಟುಂಬಗಳು ಬಂದವು.

ಅಂಗಳ ಮರೆಯಾಗಲು ಕೊನೆಯ ಕಾರಣ ಭೂಕಂಪ. 1976ರ ಜುಲೈ 28ರಂದು ತಾಂಗ್‌ಶಾನ್ ನಗರವನ್ನು ನಾಶಗೊಳಿಸಿದ ಕಂಪನ ಬೀಜಿಂಗ್‌ನಲ್ಲಿಯೂ ತೀವ್ರವಾಗಿತ್ತು. ಮನೆಯೊಳಗೆ ಮಲಗಲು ಹೆದರಿದ ಜನರು ಅಂಗಳದಲ್ಲಿ ತಾತ್ಕಾಲಿಕ ಗುಡಿಸಲುಗಳನ್ನು ಹಾಕಿಕೊಂಡರು. ಭಯ ಹೋಯಿತು, ಗುಡಿಸಲು ಉಳಿಯಿತು. ಇಕ್ಕಟ್ಟಿನಲ್ಲಿದ್ದವರಿಗೆ ಅದು ಅಡುಗೆಮನೆಯಾಯಿತು, ಮದುವೆಯಾದ ಮಗನ ಕೋಣೆಯಾಯಿತು. ಹೀಗೆ ತುಂಬಿದ ಮನೆಯನ್ನು ದಾಜಾಯುವಾನ್, ಎಂದರೆ ದೊಡ್ಡ ಬೆರಕೆ ಅಂಗಳ ಎಂದು ಕರೆಯುತ್ತಾರೆ. ಅಂಗಳವಿದ್ದ ಜಾಗದಲ್ಲಿ ಒಬ್ಬರು ಸೈಕಲ್ ತಳ್ಳಿಕೊಂಡು ಹೋಗುವಷ್ಟೇ ದಾರಿ ಉಳಿದ ಮನೆಗಳು ಅನೇಕ. ಇಂದು ಮೆಚ್ಚುಗೆಯಿಂದ ನೆನೆಯಲಾಗುವ ಹುಟಾಂಗ್ ನೆರೆಹೊರೆಯ ಆತ್ಮೀಯತೆಯ ಬಹುಪಾಲು ಈ ಇಕ್ಕಟ್ಟಿನಲ್ಲಿಯೇ ಬೆಳೆದದ್ದು. ಸಿರಿವಂತರ ಹಳೆಯ ಸಿಹೆಯುವಾನ್ ನೆರೆಯವರಿಗೆ ಬಾಗಿಲು ಮುಚ್ಚಿದ ಮನೆಯಾಗಿತ್ತು.

ನೆಲಸಮ

ವಾಸ್ತುಶಾಸ್ತ್ರದ ಇತಿಹಾಸಕಾರ ಲಿಯಾಂಗ್ ಸಿಚೆಂಗ್ ಮತ್ತು ನಗರಯೋಜಕ ಚೆನ್ ಝಾನ್‌ಶಿಯಾಂಗ್ 1950ರಲ್ಲಿ ಒಂದು ಪ್ರಸ್ತಾವವನ್ನು ಮಂಡಿಸಿದರು. ಹೊಸ ಸರ್ಕಾರದ ಆಡಳಿತ ಕೇಂದ್ರವನ್ನು ಹಳೆಯ ನಗರದ ಪಶ್ಚಿಮಕ್ಕೆ ಕಟ್ಟಿ, ಗೋಡೆಯೊಳಗಿನ ನಗರವನ್ನು ಹಾಗೆಯೇ ಉಳಿಸಬೇಕೆಂಬುದು ಅದರ ಸಾರ. ಪ್ರಸ್ತಾವ ತಿರಸ್ಕೃತವಾಯಿತು. ಆಡಳಿತ ಕೇಂದ್ರ ಹಳೆಯ ನಗರದೊಳಗೇ ನೆಲೆಸಿತು. ಮುಂದಿನ ಎರಡು ದಶಕಗಳಲ್ಲಿ ನಗರದ ಗೋಡೆಗಳು ಉರುಳಿದವು. ಅವುಗಳಿದ್ದ ಜಾಡಿನಲ್ಲಿ ಸುರಂಗ ರೈಲೂ ಎರಡನೆಯ ವರ್ತುಲ ರಸ್ತೆಯೂ ಬಂದವು.

ಓಣಿಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು 1990ರಲ್ಲಿ ಆರಂಭವಾದ ಶಿಥಿಲ ಮನೆಗಳ ಪುನರ್ನಿರ್ಮಾಣ ಕಾರ್ಯಕ್ರಮದಿಂದ. ಭೂಮಿಯ ಬೆಲೆ ಏರುತ್ತಿದ್ದ ಕಾಲದಲ್ಲಿ ಒಂದೇ ಅಂತಸ್ತಿನ ಮನೆಗಳಿದ್ದ ನಡುನಗರದ ನೆಲ ಅಭಿವೃದ್ಧಿದಾರರಿಗೆ ಆಕರ್ಷಕವಾಗಿತ್ತು. ಹಣಕಾಸು ಸಂಸ್ಥೆಗಳ ಗೋಪುರಗಳಿರುವ ಇಂದಿನ ಫೈನಾನ್ಷಿಯಲ್ ಸ್ಟ್ರೀಟ್ ಪ್ರದೇಶ ಮೊದಲು ಹುಟಾಂಗ್‌ಗಳದ್ದಾಗಿತ್ತು. ಮುಸ್ಲಿಮರ ಹಳೆಯ ನೆಲೆಯಾದ ನಿಯುಜಿಯೆಯಲ್ಲಿ ಪ್ರಾಚೀನ ಮಸೀದಿ ಉಳಿಯಿತು, ಸುತ್ತಲಿನ ಓಣಿಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು. ಕೆಡವಬೇಕಾದ ಗೋಡೆಯ ಮೇಲೆ ವೃತ್ತದೊಳಗೆ ಬಿಳಿಯ ಬಣ್ಣದಲ್ಲಿ ಬರೆಯುವ 'ಚಾಯ್', ಎಂದರೆ 'ಕೆಡವು' ಎಂಬ ಅಕ್ಷರವು ಆ ವರ್ಷಗಳ ಬೀಜಿಂಗ್‌ನ ಗುರುತಾಯಿತು. ನಿವಾಸಿಗಳಿಗೆ ಪರಿಹಾರವಾಗಿ ದೊರೆತ ಹಣ ಅಥವಾ ಮನೆ ಹೆಚ್ಚಾಗಿ ದೂರದ ಹೊರವಲಯದ್ದಾಗಿತ್ತು. ಆಸ್ಪತ್ರೆ, ಶಾಲೆ, ಉದ್ಯೋಗ, ನೆರೆಯವರು ಎಲ್ಲವೂ ಹಿಂದೆ ಉಳಿದವು.

ಹುಟಾಂಗ್‌ಗಳ ಎಣಿಕೆ ಸುಲಭವಲ್ಲ. ಯಾವುದನ್ನು ಹುಟಾಂಗ್ ಎನ್ನಬೇಕೆಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಹೆಚ್ಚಾಗಿ ಉಲ್ಲೇಖವಾಗುವ ಒಂದು ಲೆಕ್ಕದಂತೆ 1949ರಲ್ಲಿ ಮೂರು ಸಾವಿರಕ್ಕೂ ಹೆಚ್ಚಿದ್ದ ಹುಟಾಂಗ್‌ಗಳು 2003ರ ವೇಳೆಗೆ ಸುಮಾರು 1,600ಕ್ಕೆ ಇಳಿದಿದ್ದವು.

ಹಳೆಯ ನಗರವನ್ನು ಉಳಿಸಲು ಹೋರಾಡಿದ ಲಿಯಾಂಗ್ ಸಿಚೆಂಗ್ ಮತ್ತು ಅವರ ಪತ್ನಿ, ವಾಸ್ತುತಜ್ಞೆ ಲಿನ್ ಹುಯಿಯಿನ್ 1930ರ ದಶಕದಲ್ಲಿ ವಾಸವಾಗಿದ್ದ ಬೇಯ್ ಝೋಂಗ್‌ಬು ಹುಟಾಂಗ್‌ನ ಮನೆಯೂ ಈ ಅಲೆಯಿಂದ ತಪ್ಪಿಸಿಕೊಳ್ಳಲಿಲ್ಲ. ಸಂರಕ್ಷಿತ ಸ್ಮಾರಕವೆಂದು ಗುರುತಿಸಲಾಗಿದ್ದರೂ 2012ರ ಆರಂಭದಲ್ಲಿ ಅದು ನೆಲಸಮವಾಗಿರುವುದು ಬೆಳಕಿಗೆ ಬಂದಿತು. ಇದಕ್ಕೆ ನೀಡಲಾದ ವಿವರಣೆ 'ದುರಸ್ತಿಗಾಗಿ ಕೆಡವಿದ್ದು' ಎಂಬುದು. ಈ ಪದಪುಂಜ ಚೀನಾದಲ್ಲಿ ವ್ಯಾಪಕ ವ್ಯಂಗ್ಯಕ್ಕೆ ಗುರಿಯಾಯಿತು.

ಸಂರಕ್ಷಣೆಯ ಪ್ರಯತ್ನಗಳು

ಕೆಡವುವುದಕ್ಕೂ ಹಾಗೆಯೇ ಬಿಡುವುದಕ್ಕೂ ನಡುವೆ ದಾರಿ ಹುಡುಕಿದ ಮೊದಲ ದೊಡ್ಡ ಪ್ರಯೋಗ ಜ್ಯುಅರ್ ಹುಟಾಂಗ್‌ನದು. ಲಿಯಾಂಗ್ ಸಿಚೆಂಗ್ ಅವರ ಸಹೋದ್ಯೋಗಿಯಾಗಿದ್ದ ವು ಲಿಯಾಂಗ್‌ಯೋಂಗ್ ಇಲ್ಲಿ ತೀರ ಶಿಥಿಲವಾದ ಮನೆಗಳ ಜಾಗದಲ್ಲಿ ಎರಡು ಮೂರು ಅಂತಸ್ತಿನ ಮನೆಗಳನ್ನು ಅಂಗಳಗಳ ಸುತ್ತ ಜೋಡಿಸಿದರು. ಪ್ರತಿ ಮನೆಗೂ ಅಡುಗೆಮನೆ, ಶೌಚಾಲಯ ದೊರೆತವು. ಮೊದಲ ಹಂತ 1990ರಲ್ಲಿ ಮುಗಿಯಿತು. 1992ರಲ್ಲಿ ಯೋಜನೆಗೆ ವಿಶ್ವ ಆವಾಸ ಪ್ರಶಸ್ತಿ ಸಂದಿತು. ಆದರೂ ಹಳೆಯ ನಿವಾಸಿಗಳಲ್ಲಿ ಹಲವರು ಹಿಂದಿರುಗಲಿಲ್ಲ. ಇಂತಹ ಯೋಜನೆಯನ್ನು ನಗರವು ದೊಡ್ಡ ಪ್ರಮಾಣದಲ್ಲಿ ಮುಂದುವರಿಸಲೂ ಇಲ್ಲ.

ಹಳೆಯ ನಗರದ 25 ಐತಿಹಾಸಿಕ ಪ್ರದೇಶಗಳ ಸಂರಕ್ಷಣಾ ಯೋಜನೆಗೆ 2002ರಲ್ಲಿ ಒಪ್ಪಿಗೆ ದೊರೆಯಿತು. ಸಂರಕ್ಷಣೆ ಎಂಬ ಪದ ಎಲ್ಲೆಡೆ ಒಂದೇ ಅರ್ಥವನ್ನು ಪಡೆಯಲಿಲ್ಲ. ಚಿಯಾನ್‌ಮೆನ್ ಮುಖ್ಯಬೀದಿಯನ್ನು ಹಳೆಯ ಶೈಲಿಯಲ್ಲಿ ಹೊಸದಾಗಿ ಕಟ್ಟಿ, ಟ್ರಾಮ್ ಓಡಿಸಿ, ಒಲಿಂಪಿಕ್ಸ್‌ಗೆ ಮುನ್ನಾದಿನ ತೆರೆಯಲಾಯಿತು. ನೋಡಲು ಅದು ಚಿತ್ರದಂತಿದೆ, ಆದರೆ ಅಲ್ಲಿ ವಾಸಿಸುತ್ತಿದ್ದವರು ಬಹುಪಾಲು ಇಲ್ಲ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ದಾಶಿಲಾನ್ ಬಳಿಯ ಚಾಅರ್ ಹುಟಾಂಗ್‌ನ ಎಂಟನೆಯ ಸಂಖ್ಯೆಯ ಅಂಗಳ. ವಾಸ್ತುಶಿಲ್ಪಿ ಝಾಂಗ್ ಕ ಇಲ್ಲಿ ಮಕ್ಕಳಿಗಾಗಿ ಪುಟ್ಟ ಗ್ರಂಥಾಲಯ ಮತ್ತು ಕಲಾಕೇಂದ್ರವನ್ನು ರೂಪಿಸಿದಾಗ, ನಿವಾಸಿಗಳು ಅಂಗಳದಲ್ಲಿ ಹಾಕಿಕೊಂಡಿದ್ದ ಅಡುಗೆಕೋಣೆಗಳನ್ನು ಕಸವೆಂದು ಕಿತ್ತೊಗೆಯಲಿಲ್ಲ. ಅವುಗಳ ಗಾತ್ರವನ್ನೂ ಜಾಗವನ್ನೂ ಉಳಿಸಿಕೊಂಡು ಹೊಸ ಉಪಯೋಗ ಕೊಟ್ಟರು. ಬೇರೆಡೆ ಅನಧಿಕೃತ ಎನಿಸಿಕೊಳ್ಳುವ ರಚನೆಯನ್ನು ಇತಿಹಾಸದ ಒಂದು ಪದರವೆಂದು ಪರಿಗಣಿಸಿದ ಈ ಯೋಜನೆಗೆ 2016ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು.

2017ರಲ್ಲಿ ಅನುಮೋದನೆಗೊಂಡ ನಗರದ ಮಹಾಯೋಜನೆಯು ಹಳೆಯ ನಗರವನ್ನು ಇನ್ನು ಕೆಡವಬಾರದೆಂದು ನಿಶ್ಚಯಿಸಿತು. ಅದೇ ವರ್ಷ, ವಾಸದ ಮನೆಗಳ ಗೋಡೆಗೆ ಕಂಡಿ ಕೊರೆದು ಮಾಡಿಕೊಂಡಿದ್ದ ಅಂಗಡಿ, ಉಪಾಹಾರ ಗೃಹ, ಕ್ಷೌರದಂಗಡಿಗಳ ಬಾಗಿಲುಗಳನ್ನು ಇಟ್ಟಿಗೆಯಿಂದ ಮುಚ್ಚುವ ಕಾರ್ಯಾಚರಣೆಯೂ ವ್ಯಾಪಕವಾಗಿ ನಡೆಯಿತು. ಗೋಡೆಗಳು ಮೊದಲಿನಂತಾದವು. ಆ ಅಂಗಡಿಗಳನ್ನು ನಡೆಸುತ್ತಿದ್ದ ಹೊರ ಪ್ರಾಂತ್ಯಗಳ ವಲಸಿಗರಲ್ಲಿ ಅನೇಕರು ಓಣಿ ಬಿಟ್ಟರು. ಸಮೀಪದಲ್ಲಿಯೇ ತರಕಾರಿ ಸಿಗುತ್ತಿದ್ದ ಅನುಕೂಲವೂ ಹೋಯಿತೆಂಬ ದೂರು ಕೇಳಿಬಂದಿತು.

2019ರಿಂದ ಜಾರಿಗೆ ಬಂದ ಇನ್ನೊಂದು ಕ್ರಮದಲ್ಲಿ ಸರ್ಕಾರಿ ಬಾಡಿಗೆ ಮನೆಯನ್ನು ಬಿಡಲು ಬಯಸುವವರು ತಾವಾಗಿ ಅರ್ಜಿ ಸಲ್ಲಿಸಬಹುದು. ಅವರಿಗೆ ಪರಿಹಾರ ದೊರೆಯುತ್ತದೆ. ತೆರವಾದ ಕೋಣೆಗಳನ್ನು ಬಳಸಿಕೊಂಡು, ಉಳಿಯಲು ಬಯಸುವವರ ಮನೆಗಳಿಗೆ ಅಡುಗೆಮನೆ ಮತ್ತು ಶೌಚಾಲಯಗಳನ್ನು ಒದಗಿಸಲಾಗುತ್ತದೆ. ಹಿಂದಿನಂತೆ ಇಡೀ ಓಣಿಯನ್ನು ಒಮ್ಮೆಗೇ ತೆರವುಗೊಳಿಸುವ ಬದಲು ಆಯ್ಕೆಯನ್ನು ಕುಟುಂಬಕ್ಕೆ ಬಿಡುವುದು ಇದರ ಮುಖ್ಯ ವ್ಯತ್ಯಾಸ.

ಪ್ರಮುಖ ಪ್ರದೇಶಗಳು

ಡೋಲುಗೋಪುರ ಮತ್ತು ಗಂಟೆಗೋಪುರಗಳ ಆಗ್ನೇಯಕ್ಕಿರುವ ನಾನ್‌ಲುವೊಗು ಓಣಿಯು ಸುಮಾರು 800 ಮೀಟರ್ ಉದ್ದವಿದ್ದು, ಎರಡೂ ಬದಿಗೆ ಎಂಟೆಂಟು ಹುಟಾಂಗ್‌ಗಳು ಕವಲೊಡೆಯುವುದರಿಂದ ಇದಕ್ಕೆ ಶತಪದಿ ಬೀದಿ ಎಂಬ ಅಡ್ಡಹೆಸರಿದೆ. ದಾದು ಕಾಲದ ವಿನ್ಯಾಸ ಚೆನ್ನಾಗಿ ಉಳಿದಿರುವ ಜಾಗಗಳಲ್ಲಿ ಇದೂ ಒಂದು. ಮುಖ್ಯ ಓಣಿ ಈಗ ಸ್ಮರಣಿಕೆ ಮತ್ತು ತಿಂಡಿ ಅಂಗಡಿಗಳ ಸಾಲು. ಪ್ರವಾಸಿಗರ ದಟ್ಟಣೆ ಮಿತಿಮೀರಿದ್ದರಿಂದ 2016ರಲ್ಲಿ ಇದು ತನ್ನ ಅಧಿಕೃತ ಪ್ರವಾಸಿ ತಾಣದ ಶ್ರೇಣಿಯನ್ನೇ ಬಿಟ್ಟುಕೊಟ್ಟು ಪ್ರವಾಸಿ ತಂಡಗಳ ಪ್ರವೇಶವನ್ನು ನಿಲ್ಲಿಸಿತು. ಅಕ್ಕಪಕ್ಕದ ಹುಟಾಂಗ್‌ಗಳಿಗೆ ತಿರುಗಿದರೆ ಗದ್ದಲ ತಗ್ಗುತ್ತದೆ. ಲೇಖಕ ಮಾವೊ ದುನ್ ಮತ್ತು ಚಿತ್ರಕಾರ ಚಿ ಬಾಯ್‌ಶಿ ಅವರ ನಿವಾಸಗಳು, ಕೊನೆಯ ಚಕ್ರವರ್ತಿಯ ಪತ್ನಿ ವಾನ್‌ರೋಂಗ್ ಅವರ ತವರುಮನೆ ಈ ಓಣಿಗಳಲ್ಲಿವೆ.

ಅದರ ಪಶ್ಚಿಮಕ್ಕೆ ಶಿಚಾಹಾಯ್ ಸರೋವರಗಳು. ಯುವಾನ್ ಕಾಲದಲ್ಲಿ ದಕ್ಷಿಣದಿಂದ ಧಾನ್ಯ ಹೊತ್ತ ದೋಣಿಗಳು ಇಲ್ಲಿಯವರೆಗೂ ಬರುತ್ತಿದ್ದವು. ಇಲ್ಲಿನ ಓಣಿಗಳು ನಗರದ ಚೌಕ ವಿನ್ಯಾಸವನ್ನು ಮುರಿದು ಓರೆಯಾಗಿ ಸಾಗುವುದು ನೀರಿನ ಅಂಚನ್ನು ಅನುಸರಿಸಿದ್ದರಿಂದ.

ದಾಶಿಲಾನ್ ಹೊರನಗರದ ವ್ಯಾಪಾರಿ ಕೇಂದ್ರ. ರಾತ್ರಿ ಕಳ್ಳರನ್ನು ತಡೆಯಲು ಓಣಿಯ ಬಾಯಿಗೆ ಹಾಕುತ್ತಿದ್ದ ದೊಡ್ಡ ಕಟಕಟೆಯಿಂದ ಈ ಹೆಸರು ಬಂದಿತು. 1669ರಲ್ಲಿ ಸ್ಥಾಪನೆಯಾದ ತೊಂಗ್‌ರೆನ್‌ತಾಂಗ್ ಔಷಧಾಲಯ ಇಲ್ಲಿದೆ. ಇದರ ಪಶ್ಚಿಮದ ಓರೆ ಓಣಿಗಳು ಕುತೂಹಲಕರ. ಪಾಳುಬಿದ್ದ ಝೋಂಗ್‌ದುವಿಗೂ ಹೊಸ ದಾದುವಿಗೂ ನಡುವೆ ಜನರು ಹತ್ತಿರದ ದಾರಿ ಹಿಡಿದು ಓಡಾಡಿದ ಕಾಲ್ದಾರಿಗಳೇ ಮುಂದೆ ಬೀದಿಗಳಾದವು ಎನ್ನಲಾಗಿದೆ. ಸಮೀಪದ ಚಿಯಾನ್‌ಶಿ ಹುಟಾಂಗ್ ತೀರ ಇಕ್ಕಟ್ಟಾದ ಕಡೆ ಸುಮಾರು 40 ಸೆಂಟಿಮೀಟರ್ ಮಾತ್ರ ಅಗಲವಿದೆ. ಹಣ ವಿನಿಮಯದ ಅಂಗಡಿಗಳಿದ್ದ ಓಣಿ ಇದಾಗಿದ್ದು, ದೋಚಿಕೊಂಡು ಓಡುವವರಿಗೆ ಈ ಅಗಲ ಅನುಕೂಲಕರವಾಗಿರಲಿಲ್ಲ.

ತಿಯಾನ್‌ಆನ್‌ಮೆನ್ ಚೌಕದ ಪೂರ್ವಕ್ಕಿರುವ ದೊಂಗ್‌ಜಿಯಾವೊಮಿನ್ ಓಣಿ ವಿದೇಶಿ ರಾಯಭಾರ ಕಚೇರಿಗಳ ಪ್ರದೇಶವಾಗಿತ್ತು. 1900ರ ಬಾಕ್ಸರ್ ದಂಗೆಯಲ್ಲಿ ಇಲ್ಲಿಗೆ 55 ದಿನಗಳ ಮುತ್ತಿಗೆ ಬಿದ್ದಿತು. ಅದನ್ನು ತೆರವುಗೊಳಿಸಲು ಬಂದ ಬ್ರಿಟಿಷ್ ಪಡೆಯಲ್ಲಿ ಸಿಖ್ ಮತ್ತು ರಜಪೂತ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ದರು. ನಗರದ ಪಶ್ಚಿಮ ಭಾಗದ ಬಾಯ್‌ತಾಸಿ ಪ್ರದೇಶದ ಓಣಿಗಳ ಮೇಲೆ ಬಿಳಿಯ ಸ್ತೂಪವೊಂದು ಎದ್ದು ಕಾಣುತ್ತದೆ. ಕುಬ್ಲಾಯ್ ಖಾನನ ಕಾಲದಲ್ಲಿ ನೇಪಾಳದ ಶಿಲ್ಪಿ ಅರನಿಕೊ ಇದನ್ನು ನಿರ್ಮಿಸಿದನು.

ಭೇಟಿ

ಹುಟಾಂಗ್‌ಗಳನ್ನು ನೋಡಲು ಪ್ರವೇಶ ಶುಲ್ಕವಿಲ್ಲ. ಸುರಂಗ ರೈಲಿನ ನಾನ್‌ಲುವೊಗುಶಿಯಾಂಗ್, ಚಿಯಾನ್‌ಮೆನ್ ಮತ್ತು ಶಿಚಾಹಾಯ್ ನಿಲ್ದಾಣಗಳಿಂದ ಹೆಚ್ಚಿನ ಪ್ರದೇಶಗಳಿಗೆ ನಡೆದು ಹೋಗಬಹುದು. ಡೋಲು ಮತ್ತು ಗಂಟೆಗೋಪುರಗಳಿಂದ ದಕ್ಷಿಣದ ಯೋಂಗ್‌ದಿಂಗ್‌ಮೆನ್‌ವರೆಗಿನ 7.8 ಕಿಲೋಮೀಟರ್ ಉದ್ದದ ನಡುರೇಖೆಯನ್ನು 2024ರ ಜುಲೈನಲ್ಲಿ ನವದೆಹಲಿಯಲ್ಲಿ ನಡೆದ ಅಧಿವೇಶನದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದರ ಎರಡೂ ಬದಿಗಳಲ್ಲಿ ಹುಟಾಂಗ್‌ಗಳು ಹಬ್ಬಿರುವುದರಿಂದ ಈ ರೇಖೆಯನ್ನು ಹಿಡಿದು ನಡೆಯುವುದು ಅನುಕೂಲ.

ಶಿಜಿಯಾ ಹುಟಾಂಗ್‌ನ 24ನೆಯ ಸಂಖ್ಯೆಯ ಮನೆ, ಲೇಖಕಿ ಲಿಂಗ್ ಶುಹುವಾ ಅವರಿಗೆ ಸೇರಿದ್ದು, 2013ರಿಂದ ಹುಟಾಂಗ್ ವಸ್ತುಸಂಗ್ರಹಾಲಯವಾಗಿದೆ. ಇಲ್ಲಿ ಬೇರೆ ಬೇರೆ ದಶಕಗಳ ಮನೆಯ ಕೋಣೆಗಳನ್ನು ಆಯಾ ಕಾಲದ ಸಾಮಾನುಗಳೊಂದಿಗೆ ಜೋಡಿಸಿಡಲಾಗಿದೆ. ಒಂದು ಕೋಣೆಯಲ್ಲಿ ಓಣಿಯ ಹಳೆಯ ಶಬ್ದಗಳನ್ನು ಕೇಳಬಹುದು. ಪಾರಿವಾಳಗಳ ಬಾಲಕ್ಕೆ ಕಟ್ಟುತ್ತಿದ್ದ ಸಿಳ್ಳೆಗಳ ನಾದ, ಬೀದಿ ಮಾರಾಟಗಾರರ ಕೂಗು ಇವುಗಳಲ್ಲಿ ಸೇರಿವೆ.

ಇಂತಹ ಸಂಗ್ರಹಾಲಯಗಳನ್ನು ಬಿಟ್ಟರೆ ಬಾಗಿಲು ತೆರೆದಿರುವ ಅಂಗಳಗಳು ಸಾಮಾನ್ಯವಾಗಿ ಜನರು ವಾಸಿಸುತ್ತಿರುವ ಮನೆಗಳು. ಖಾಸಗಿ ವಾಸಸ್ಥಳ, ಒಳಗೆ ಬರಬಾರದು ಎಂಬ ಫಲಕಗಳನ್ನು ಅನೇಕ ಬಾಗಿಲುಗಳ ಮೇಲೆ ಕಾಣಬಹುದು.